ಮಿನ್ನೆಸೋಟದ ಚಳಿಗಾಲ, ಮನೆ ಮಂದಿ, ಮೇ ತಿಂಗಳ ತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನಿಯಾಪೊಲಿಸ್ ಹತ್ತಿರ ಇದು ನಮ್ಮ 14ನೇ ಚಳಿಗಾಲ. ಕನ್ನಡ ಕೂಟದ ಊಟದ ಸಾಲಿನಲ್ಲಿ, ದೇವಸ್ಥಾನದಲ್ಲಿ ಪ್ರಸಾದ ತಿನ್ನುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೊಸದಾಗಿ ಬಂದವರವು ಮೊದಲು, ಕೈ ಪಳಗಿದವರವು ಆಮೇಲೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಹೊಸದಾಗಿ ಬಂದವರಿಗೆ

ಇಲ್ಲಿ ಚಳಿಗಾಲ ಅಂದ್ರೆ ನಿಜವಾಗ್ಲೂ ಆರು ತಿಂಗಳಾ?

ತೋಟದ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಟ್ವಿನ್ ಸಿಟೀಸ್, ಅಂದರೆ ಮಿನಿಯಾಪೊಲಿಸ್-ಸೇಂಟ್ ಪಾಲ್ ಸುತ್ತಮುತ್ತ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ದಿನಗಳಲ್ಲಿ ಮೊದಲ ಫ್ರಾಸ್ಟ್, ಅಂದರೆ ಎಳೇ ಗಿಡಗಳನ್ನು ಸುಡುವ ಹೆಪ್ಪುಗಟ್ಟುವ ಚಳಿ, ಬೀಳುತ್ತದೆ. ಕೊನೆಯದು ಸಾಮಾನ್ಯವಾಗಿ ಮೇ ಮೊದಲ ಹದಿನೈದು ದಿನಗಳಲ್ಲಿ. ಹಾಗಾಗಿ ಬದನೆ, ಟೊಮೇಟೊ ಥರದ ಗಿಡಗಳಿಗೆ ಹೊರಗೆ ಸಿಗುವುದು ನಾಲ್ಕು, ನಾಲ್ಕೂವರೆ ತಿಂಗಳು ಅಷ್ಟೇ.

ಜನವರಿಯಲ್ಲಿ ಹಗಲು ಮೈನಸ್ 4, ರಾತ್ರಿ ಮೈನಸ್ 13 ಡಿಗ್ರಿ ಸೆಲ್ಸಿಯಸ್ ಮಾಮೂಲು. ಕೆಲವು ವರ್ಷ ಇದನ್ನೂ ಮೀರುತ್ತದೆ. 2019ರ ಜನವರಿ 30ರ ಬೆಳಗ್ಗೆ ಮೈನಸ್ 33 ಇತ್ತು. ಗಾಳಿಯೂ ಸೇರಿ ಮೈಗೆ ತಾಗಿದ್ದು ಮೈನಸ್ 48ರ ಹತ್ತಿರ. ಶಾಲೆಗಳಿಗೆ ರಜಾ ಕೊಟ್ಟಿದ್ದರು. ಅವತ್ತು ನಾವು ನಾಲ್ಕೂ ಜನ ಅಡುಗೆಮನೆ ಬಿಟ್ಟು ಕದಲಲಿಲ್ಲ. ಒಲೆ ಮೇಲೆ ಸಾರು ಕುದಿಯುತ್ತಿತ್ತು, ಮೇಜಿನ ತುಂಬ ಬೀಜದ ಪೊಟ್ಟಣಗಳು. ನಮ್ಮನೆಯಲ್ಲಿ ಚಳಿಗಾಲ ಕಳೆಯುವ ಈ ಪದ್ಧತಿ ಶುರುವಾಗಿದ್ದೇ ಅವತ್ತು.

ಹೊರಗೆ ಮೊಣಕಾಲುದ್ದ ಸ್ನೋ ಇದೆ. ಈಗ್ಲೇ ಯಾಕೆ ತೋಟದ ಮಾತು?

ಮೇ ತಿಂಗಳಲ್ಲಿ ಬೀಜ ಹಾಕಿದರೆ ಬದನೆ ಕಾಯಿ ಬಿಡುವ ಹೊತ್ತಿಗೆ ಮತ್ತೆ ಚಳಿ ಬಂದಿರುತ್ತದೆ. ಅದಕ್ಕೇ ಇಲ್ಲಿ ಲೆಕ್ಕ ಹಿಂದಿನಿಂದ ಹಾಕಬೇಕು. ಮೇ ಕೊನೆಯ ವಾರ ನೆಡುವುದು ಅಂತ ಇಟ್ಟುಕೊಳ್ಳಿ. ಮೆಣಸಿನಕಾಯಿ, ಬದನೆಗೆ ಅದಕ್ಕೂ ಎಂಟರಿಂದ ಹತ್ತು ವಾರ ಮೊದಲು, ಅಂದರೆ ಮಾರ್ಚ್ ನಡುವಿನಲ್ಲಿ ಮನೆಯೊಳಗೆ ಬೀಜ ಹಾಕಬೇಕು. ಟೊಮೇಟೊ ಏಪ್ರಿಲ್ ಮೊದಲ ವಾರ. ಸೋರೆ, ಹೀರೆ, ಹಾಗಲ, ಬೆಂಡೆ ಏಪ್ರಿಲ್ ಕೊನೆಗೆ. ಬೀಜ ತರಿಸುವುದು ಜನವರಿಯಲ್ಲೇ ಮುಗಿದಿರಲಿ. ಒಳ್ಳೆಯ ತಳಿಗಳು ಫೆಬ್ರವರಿಗೆ ಖಾಲಿಯಾಗಿರುತ್ತವೆ.

ಊರಿಂದ ಬಂದ ಅಪ್ಪ-ಅಮ್ಮ ದಿನವಿಡೀ ಕಿಟಕಿ ಮುಂದೆ ಸುಮ್ನೆ ಕೂತಿರ್ತಾರೆ. ನೋಡೋಕಾಗಲ್ಲ. ಏನು ಮಾಡ್ಲಿ?

ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ! ಕೇಳುವಾಗ ದನಿ ಸಣ್ಣದಾಗುತ್ತದೆ.

ನಮ್ಮಮ್ಮ ಅರಸೀಕೆರೆ ಕಡೆಯವರು. ತೆಂಗಿನ ತೋಟ, ರಾಗಿ ಹೊಲ ಎರಡನ್ನೂ ನೋಡಿಕೊಂಡಿದ್ದವರು. ಮೊದಲ ಸಲ ಇಲ್ಲಿಗೆ ಬಂದಿದ್ದು ನವೆಂಬರ್‌ನಲ್ಲಿ. ಬೆಳಗ್ಗೆ ನಾವೆಲ್ಲ ಹೊರಟ ಮೇಲೆ ಮನೆಯಲ್ಲಿ ಒಬ್ಬರೇ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಬಾಗಿಲು ತೆಗೆದರೆ ಮೂಗು ಮರಗಟ್ಟುತ್ತದೆ. ನಾನು ಟಿವಿಗೆ ಕನ್ನಡ ಚಾನೆಲ್ ಹಾಕಿಸಿಕೊಟ್ಟು, ಇಷ್ಟು ಸಾಕು ಅಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದು ಹೊತ್ತು ಕಳೆಯುವ ದಾರಿಯಲ್ಲ, ಕೆಲಸ. ಅದೂ ತಮಗೆ ಗೊತ್ತಿರುವ, ತಾವು ಹೇಳಿದಂತೆ ನಡೆಯುವ ಕೆಲಸ.

ಒಂದು ದಿನ ಹಳೇ ಬೀಜಗಳ ಡಬ್ಬಿ ಅವರ ಮುಂದಿಟ್ಟೆ. "ಇದರಲ್ಲಿ ಯಾವುದು ಹುಟ್ಟುತ್ತೆ, ಯಾವುದು ಹುಟ್ಟಲ್ಲ, ನನಗೆ ಗೊತ್ತಾಗ್ತಿಲ್ಲಮ್ಮಾ" ಅಂದೆ. ಅಮ್ಮ ಮೊದಲು ಒಂದು ತಟ್ಟೆ ಕೇಳಿದರು. ಬೀಜ ಸುರಿದು, ಬೆರಳಲ್ಲಿ ಹರಡಿ, ಜೊಳ್ಳನ್ನು ಒಂದು ಕಡೆ ತಳ್ಳಿದರು. ಆಮೇಲೆ ಪೇಪರ್ ಟವಲ್ ಒದ್ದೆ ಮಾಡಿ ಹಿಂಡಿ, ಒಂದೊಂದು ಜಾತಿಯಲ್ಲೂ ಹತ್ತು ಹತ್ತು ಬೀಜ ಎಣಿಸಿ ಇಟ್ಟು ಮಡಚಿದೆವು. ಜಿಪ್ ಚೀಲಕ್ಕೆ ಹಾಕಿ, ಮೇಲೆ ಹೆಸರು, ತಾರೀಖು ಬರೆದು ಫ್ರಿಜ್ಜಿನ ತಲೆ ಮೇಲೆ ಇಟ್ಟೆವು. ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ದಿನಾ ಬೆಳಗ್ಗೆ ಅಮ್ಮ ಸ್ಟೂಲ್ ಹಾಕಿಸಿಕೊಂಡು ನೋಡುತ್ತಿದ್ದರು. ಎಂಟನೇ ದಿನ ನಾನು ಆಫೀಸಿನಲ್ಲಿದ್ದಾಗ ಫೋನ್ ಬಂತು: "ದಂಟು ಹತ್ತಕ್ಕೆ ಏಳು ಬಂದವೆ ಕಣೇ. ಬದನೆ ಇನ್ನೂ ಕಣ್ಣು ಬಿಟ್ಟಿಲ್ಲ."

ಇದನ್ನೇ ನೀವೂ ಮಾಡಿ. ಹತ್ತಕ್ಕೆ ಏಳು ಬಂದರೆ ಬೀಜ ಚೆನ್ನಾಗಿದೆ. ಐದಕ್ಕಿಂತ ಕಡಿಮೆ ಬಂದರೆ ಹೊಸದು ತರಿಸಿ. ಮೆಣಸು, ಬದನೆಗೆ ಎರಡು ವಾರ ಕಾಯಬೇಕು. ಲೆಕ್ಕದ ಪುಸ್ತಕ ಹಿರಿಯರ ಕೈಯಲ್ಲೇ ಇರಲಿ. ಯಾವ ಬೀಜ ಇಟ್ಟುಕೊಳ್ಳಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡುವುದೂ ಅವರೇ ಆಗಿರಲಿ. ಅವರಿಗೆ ಬೇಜಾರಾಗಬಾರದು ಅಂತ ಸುಮ್ನೆ ತಲೆಯಾಡಿಸಬೇಡಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ಕೇಳಿ, ಅವರು ಹೇಳಿದಂತೆ ಮಾಡಿ.

ಮಕ್ಕಳನ್ನ ಟ್ಯಾಬ್‌ನಿಂದ ಎಬ್ಬಿಸೋದೇ ಕಷ್ಟ. ಅವರನ್ನ ಇದಕ್ಕೆ ಸೇರಿಸೋದು ಹೇಗೆ?

ಗೆರೆ ಚೌಕದ ಹಾಳೆ ಕೊಡಿ. ಒಂದು ಚೌಕಕ್ಕೆ ಒಂದು ಅಡಿ. ಹಿತ್ತಲಿನ ನಕ್ಷೆ ಬರೆಯಲಿ. ಟೊಮೇಟೊ ಗಿಡಕ್ಕೆ ಎರಡು ಅಡಿ ಬಿಡಬೇಕು, ಮೂಲಂಗಿ ಒಂದು ಚೌಕದಲ್ಲಿ ಹದಿನಾರು ಬರುತ್ತದೆ ಅಂತ ಹೇಳಿದರೆ ಉಳಿದ ಲೆಕ್ಕ ಅವರೇ ಹಾಕುತ್ತಾರೆ. ಒಂದು ಚೌಕ ಪೂರ್ತಿ ಅವರದ್ದೇ ಆಗಿರಲಿ. ನಮ್ಮ ಚಿಕ್ಕವಳು ಒಂದು ವರ್ಷ ಬರೀ ಚೆಂಡು ಹೂವು ಹಾಕಿದಳು. ದಸರೆಗೆ ಅದೇ ಹೂವಿನಲ್ಲಿ ಬಾಗಿಲಿಗೆ ಮಾಲೆ ಕಟ್ಟಿದೆವು.

ಒಂದು ಎಚ್ಚರಿಕೆ. ಚಳಿಗಾಲದ ನೆರಳು ನೋಡಿ ಜಾಗ ಆರಿಸಬೇಡಿ. ಡಿಸೆಂಬರ್ ಮಧ್ಯಾಹ್ನ ಇಲ್ಲಿ ಸೂರ್ಯ ಏರುವುದು ಸುಮಾರು 21 ಡಿಗ್ರಿ ಮಾತ್ರ. ಜೂನ್‌ನಲ್ಲಿ 68ರವರೆಗೂ ಏರುತ್ತಾನೆ. ಈಗ ಗರಾಜ್ ನೆರಳಲ್ಲಿರುವ ಜಾಗಕ್ಕೆ ಬೇಸಿಗೆಯಲ್ಲಿ ಎಂಟು ಗಂಟೆ ಬಿಸಿಲು ಬೀಳಬಹುದು.

ಮನೆಯಲ್ಲಿ ಎಲ್ಲರಿಗೂ ಉಸಿರುಗಟ್ಟಿದಂತಾದ ದಿನ ಸೇಂಟ್ ಪಾಲ್‌ನ ಕೋಮೋ ಪಾರ್ಕಿಗೆ ಹೋಗಿ. 1915ರಿಂದ ಇರುವ ಗಿಡಗಳ ಗಾಜಿನ ಮನೆ ಅಲ್ಲಿದೆ. ಟಿಕೆಟ್ ಇಲ್ಲ, ಕೈಲಾದಷ್ಟು ಕಾಣಿಕೆ ಹಾಕಬಹುದು. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗುತ್ತದೆ. ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಅಮ್ಮ ತಾಳೆ ಮರಗಳ ಕೆಳಗೆ ನಿಂತು "ಲಾಲ್‌ಬಾಗ್ ಇದ್ದಂಗೇ ಇದೆ" ಅಂದರು. ಅರ್ಧ ಗಂಟೆ ಅಲ್ಲಿಂದ ಅಲುಗಾಡಲಿಲ್ಲ.

ನಾಲ್ಕೂವರೆಗೇ ಕತ್ತಲಾಗುತ್ತೆ. ಯಾವುದರಲ್ಲೂ ಮನಸ್ಸಿಲ್ಲ, ಬರೀ ನಿದ್ದೆ. ನನ್ನೊಬ್ಬಳಿಗೇನಾ?

ಖಂಡಿತ ಅಲ್ಲ. ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಬೆಂಗಳೂರಲ್ಲಿ ಆಗಲೂ ಹನ್ನೊಂದು ಗಂಟೆ ಮೇಲೆ ಬೆಳಕಿರುತ್ತದೆ. ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ, ಚಿಕಿತ್ಸೆಯೂ ಇದೆ. ಬೆಳಗ್ಗೆ 10,000 ಲಕ್ಸ್ ದೀಪದ ಮುಂದೆ ಇಪ್ಪತ್ತು-ಮೂವತ್ತು ನಿಮಿಷ ಕೂರುವುದು ಅದರಲ್ಲಿ ಒಂದು. ಕಣ್ಣಿನ ತೊಂದರೆ ಅಥವಾ ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಬಳಸಬಾರದು. ಗಿಡಕ್ಕೆ ಹಾಕುವ ಗ್ರೋ ಲೈಟ್ ಮುಂದೆ ಕೂತರೆ ಆಗುತ್ತಲ್ವಾ ಅಂತ ಕೇಳುತ್ತಾರೆ. ಅದು ಬೇರೆ, ಇದು ಬೇರೆ.

ಎರಡು ವಾರವಾದರೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಅಮೆರಿಕದಲ್ಲಿ ಎಲ್ಲಿಂದಾದರೂ, ಯಾವ ಹೊತ್ತಿನಲ್ಲಾದರೂ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು. ತೋಟದ ಕೆಲಸ ಒಳ್ಳೆಯ ಜೊತೆ, ಆದರೆ ಔಷಧಿಯ ಜಾಗಕ್ಕೆ ಬರುವುದಿಲ್ಲ.

## ಬೀಜದ ವಿಚಾರ

ಊರಿಂದ ಬರೋವಾಗ ಬೀಜ ತರಬಹುದಾ?

ಸೂಟ್‌ಕೇಸಿನಲ್ಲಿ ಸೀರೆ ಮಡಿಕೆಯೊಳಗೆ ಇಟ್ಟು ತರಬೇಡಿ. ಬಿತ್ತನೆ ಬೀಜಕ್ಕೆ ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಇಲ್ಲದೆ ಸ್ವಲ್ಪ ಬೀಜ ತರಲು ಅಮೆರಿಕದ ಕೃಷಿ ಇಲಾಖೆ ಮೊದಲೇ ಒಂದು ಅನುಮತಿ ಕೊಡುತ್ತದೆ. ಪೊಟ್ಟಣಕ್ಕೆ 50 ಬೀಜ ಮೀರಬಾರದು, ಪ್ರತಿ ಪೊಟ್ಟಣದ ಮೇಲೂ ಸಸ್ಯದ ಶಾಸ್ತ್ರೀಯ ಹೆಸರು ಇರಬೇಕು, ಮಣ್ಣು-ಕಸ ಇರಬಾರದು. ಕೆಲವು ಜಾತಿಗಳಿಗೆ ಈ ಅನುಮತಿಯೂ ಸಿಗುವುದಿಲ್ಲ. ಅನುಮತಿ ಇದ್ದರೂ ವಿಮಾನ ನಿಲ್ದಾಣದಲ್ಲಿ ಹೇಳಿ ತೋರಿಸಲೇಬೇಕು. ಹೇಳದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ.

ಎಷ್ಟೋ ಬೀಜ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೆಂತ್ಯ, ಸಾಸಿವೆ, ಧನಿಯ ಇಲ್ಲಿಯ ಇಂಡಿಯನ್ ಅಂಗಡಿಯವೇ ಚೆನ್ನಾಗಿ ಹುಟ್ಟುತ್ತವೆ. ಧನಿಯವನ್ನು ಮಾತ್ರ ಅಂಗೈಯಲ್ಲಿ ಹೊಸಕಿ ಎರಡು ಹೋಳು ಮಾಡಿ ಬಿತ್ತಿ.

ಅವರೆ ಹಂಬು ಚಪ್ಪರ ತುಂಬಾ ಹಬ್ಬಿತು. ಒಂದೇ ಒಂದು ಹೂವೂ ಬಿಡಲಿಲ್ಲ. ಗೊಬ್ಬರ ಕಡಿಮೆ ಆಯ್ತಾ?

ಗೊಬ್ಬರದ್ದಲ್ಲ, ಹಗಲಿನ ತಪ್ಪು. ನಮ್ಮ ಹಳೇ ಅವರೆ ತಳಿಗಳು ಹಗಲು ಗಿಡ್ಡವಾದರೆ ಮಾತ್ರ ಹೂ ಬಿಡುತ್ತವೆ. ಊರಲ್ಲಿ ಮಳೆಗಾಲ ಮುಗಿದು, ರಾತ್ರಿ ಉದ್ದವಾಗುತ್ತಾ, ಸೊಗಡು ಏರಿ ಸಂಕ್ರಾಂತಿ ಹೊತ್ತಿಗೆ ಕಾಯಿ ತುಂಬುವುದು ಅದಕ್ಕೇ. ಇಲ್ಲಿ ಜೂನ್‌ನಲ್ಲಿ ಹಗಲು ಹದಿನೈದೂವರೆ ಗಂಟೆ. ಅದು ಹನ್ನೆರಡು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಆಗ ಗಿಡ ಮೊಗ್ಗು ಕಟ್ಟಲು ಶುರು ಮಾಡುತ್ತದೆ, ವಾರ ಕಳೆಯುವುದರೊಳಗೆ ಫ್ರಾಸ್ಟ್ ಬಿದ್ದು ಎಲೆಯೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ನಾನು ಎರಡು ಬೇಸಿಗೆ ಇದನ್ನು ನೋಡಿ ಅತ್ತಿದ್ದೇನೆ.

ಉಪಾಯ ಊರಲ್ಲೇ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಇವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಗಿಡ್ಡ ಗಿಡ, ಚಪ್ಪರವೂ ಬೇಡ. ಬೀಜ ಕೇಳುವಾಗ "ಗಿಡ ಅವರೆ, ಎಲ್ಲಾ ಕಾಲಕ್ಕೂ ಹೂ ಬಿಡುವುದು" ಅಂತ ಕೇಳಿ. ಅಂಗಡಿಯಲ್ಲಿ ಸಾರಿಗೆ ಮಾರುವ ಒಣ ಅವರೆಯೂ ಹುಟ್ಟುತ್ತದೆ, ಆದರೆ ಯಾವ ತಳಿ ಅಂತ ತಿಳಿಯುವುದಿಲ್ಲ. ಬೇಸಿಗೆಯೇ ಕಡಿಮೆ ಇರುವ ಊರಲ್ಲಿ ಆ ಜೂಜು ಬೇಡ. ಊರಿನ ಹಳೇ ತೊಗರಿಯದ್ದೂ ಇದೇ ಕಥೆ.

ಹಾಗಾದ್ರೆ ನಮ್ಮ ಕಡೆ ತರಕಾರಿಯಲ್ಲಿ ಇಲ್ಲಿ ಯಾವುದು ಕೈಕೊಡಲ್ಲ?

ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿ, ಮೂಲಂಗಿ, ಪಾಲಕ್ ಇಲ್ಲಿಯ ತಣ್ಣನೆ ವಸಂತದಲ್ಲಿ ಊರಿಗಿಂತ ಸೊಗಸಾಗಿ ಬರುತ್ತವೆ. ಬಿಸಿಲೇರಿದ ಮೇಲೆ ದಂಟು, ಬೀನ್ಸ್, ಬದನೆ, ಮೆಣಸಿನಕಾಯಿ, ಬೆಂಡೆ, ಸೋರೆ. ಹೀರೆ ನಿಧಾನ, ಒಳಗೆ ಸಸಿ ಮಾಡಿಕೊಂಡರೆ ಮಾತ್ರ ನಂಬಬಹುದು. ಮೊದಲ ವರ್ಷ ಐದು ಬೆಳೆ ಸಾಕು.

## ಮನೆಯೊಳಗಿನ ಗಿಡಗಳು

ಕಿಟಕಿ ಹತ್ತಿರ ಇಟ್ಟ ಸಸಿ ಉದ್ದಕ್ಕೆ ಬೆಳೆದು ಮಲಗಿಬಿಡುತ್ತೆ. ಯಾಕೆ?

ಬೆಳಕು ಸಾಲದು. ಮಾರ್ಚ್ ಬಿಸಿಲು ನಮ್ಮ ಕಣ್ಣಿಗೆ ಜೋರಾಗಿ ಕಂಡರೂ ಗಾಜಿನೊಳಗಿನ ಸಸಿಗೆ ಸಾಕಾಗುವುದಿಲ್ಲ. ದುಬಾರಿ ನೇರಳೆ ದೀಪ ಬೇಕಿಲ್ಲ. ಗರಾಜಿಗೆ ಹಾಕುವ ಬಿಳಿ ಎಲ್‌ಇಡಿ ಕೊಳವೆ ದೀಪ ಸಾಕು. ಸಸಿಯ ತಲೆಯಿಂದ ಎರಡು-ನಾಲ್ಕು ಇಂಚು ಮೇಲೆ ತೂಗುಹಾಕಿ, ಟೈಮರ್ ಇಟ್ಟು ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಸಸಿ ಬೆಳೆದಂತೆ ದೀಪ ಮೇಲೆತ್ತಿ.

ಬುಡ ದಾರದಂತೆ ಸಣ್ಣಗಾಗಿ ಕೊಳೆತು ಬಿದ್ದರೆ ಅದು ಶಿಲೀಂಧ್ರ. ನೀರು ಜಾಸ್ತಿ ಆಗಿದೆ. ಟ್ರೇ ಕೆಳಗಿನಿಂದ ನೀರು ಕೊಡಿ, ಸಣ್ಣ ಫ್ಯಾನ್ ಇಡಿ. ಹೊಸ ಸೀಡ್ ಮಿಕ್ಸ್ ಬಳಸಿ, ಹಿತ್ತಲ ಮಣ್ಣು ಬೇಡ. ಮೆಣಸಿನ ಬೀಜ ಹುಟ್ಟಲು 27 ಡಿಗ್ರಿಯ ಬಿಸುಪು ಬೇಕು. ಟ್ರೇ ಕೆಳಗೆ ಹಾಸುವ ಹೀಟ್ ಮ್ಯಾಟ್ ತಂದರೆ ವಾರವಾದರೂ ಉಳಿಯುತ್ತದೆ.

ಕರಿಬೇವು ಎಲೆಯೆಲ್ಲ ಉದುರಿಸಿ ಬರೀ ಕಡ್ಡಿ ಆಗಿದೆ. ಸತ್ತುಹೋಯ್ತಾ?

ಬಿಸಾಡಬೇಡಿ! ಕಾಂಡವನ್ನು ಉಗುರಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಬೆಳಕು ಕಡಿಮೆಯಾದಾಗ ಅದು ಮಲಗುತ್ತದೆ, ಏಪ್ರಿಲ್‌ನಲ್ಲಿ ಮತ್ತೆ ಚಿಗುರುತ್ತದೆ. ಮಲಗಿದ ಗಿಡಕ್ಕೆ ಗೊಬ್ಬರ ಬೇಡ. ಮೇಲಿನ ಎರಡು ಇಂಚು ಮಣ್ಣು ಪೂರ್ತಿ ಒಣಗಿದ ಮೇಲೆ ನೀರು. ಊರಿನ ಅಭ್ಯಾಸದಂತೆ ಹುಳಿ ಮಜ್ಜಿಗೆ ಹಾಕುವವರಿದ್ದಾರೆ. ಬೇಸಿಗೆಯಲ್ಲಿ ಹೊರಗಿದ್ದಾಗ ಹಾಕಿಕೊಳ್ಳಿ, ಚಳಿಗಾಲದಲ್ಲಿ ಮನೆಯೊಳಗೆ ಬೇಡ. ವಾಸನೆ ಬರುತ್ತದೆ, ಮಣ್ಣಿನ ಮೇಲೆ ಸಣ್ಣ ನೊಣ ಏಳುತ್ತವೆ.

ಹೀಟರ್ ಗಾಳಿಗೆ ಎಲೆ ಕೆಳಗೆ ಕೆಂಪು ನುಸಿ ಸೇರಿಕೊಳ್ಳುತ್ತದೆ. ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಕಂಡರೆ ಕುಂಡವನ್ನು ಬಚ್ಚಲಿಗೆ ಒಯ್ದು, ಉಗುರುಬೆಚ್ಚಗಿನ ನೀರಿನಲ್ಲಿ ಎಲೆಯ ಕೆಳಭಾಗ ತೊಳೆಯಿರಿ. ವಾರಕ್ಕೊಮ್ಮೆ, ಮೂರು ವಾರ. ಸೆಪ್ಟೆಂಬರ್‌ನಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತನ್ನಿ.

ಫ್ಲೋರಿಡಾ, ಕ್ಯಾಲಿಫೋರ್ನಿಯಾದ ನೆಂಟರ ಮನೆಯಿಂದ ಕರಿಬೇವಿನ ಸಸಿ ತರುವ ಆಸೆ ಬೇಡ. ಕಿತ್ತಳೆ-ನಿಂಬೆ ತೋಟಗಳನ್ನು ಹಾಳು ಮಾಡುವ ರೋಗದ ಕೀಟ ಈ ಗಿಡದ ಮೇಲೂ ಬದುಕುತ್ತದೆ. ಅದಕ್ಕೇ ಸಾಗಿಸಲು ಕಟ್ಟುನಿಟ್ಟಿನ ನಿಯಮಗಳಿವೆ.

ಅಪಾರ್ಟ್‌ಮೆಂಟ್‌ನಲ್ಲಿದ್ದೀವಿ. ಹಿತ್ತಲೇ ಇಲ್ಲ. ನಮಗೇನಿದೆ?

ಕಮ್ಯುನಿಟಿ ಗಾರ್ಡನ್‌ನಲ್ಲಿ ಒಂದು ಪಾತಿ ಬಾಡಿಗೆಗೆ ಹಿಡಿಯಿರಿ. ಹೆಸರು ಬರೆಸಬೇಕಾಗಿದ್ದು ಚಳಿಗಾಲದಲ್ಲೇ. ಮೇ ತಿಂಗಳಲ್ಲಿ ಹೋಗಿ ಕೇಳಿದರೆ ಬಹಳ ಕಡೆ ಖಾಲಿ ಇರುವುದಿಲ್ಲ. ಬಾಲ್ಕನಿಗೆ ಐದು ಗ್ಯಾಲನ್ ಬಕೆಟ್ ತಂದು ತಳಕ್ಕೆ ತೂತು ಹಾಕಿದರೆ ಒಂದು ಮೆಣಸಿನ ಗಿಡ ಹಾಯಾಗಿ ಬೆಳೆಯುತ್ತದೆ. ಅಲ್ಲಿಯವರೆಗೆ ತಟ್ಟೆಯಲ್ಲಿ ಎರಡು ಇಂಚು ಮಣ್ಣು ಹಾಕಿ ಮೆಂತ್ಯ ಒತ್ತಾಗಿ ಬಿತ್ತಿ. ಎರಡು ವಾರಕ್ಕೆ ಎಳೇ ಸೊಪ್ಪು, ಜನವರಿಯಲ್ಲೂ!

## ಎರಡು-ಮೂರು ಬೇಸಿಗೆ ಕಂಡವರಿಗೆ

ಹಾಲಿನ ಕ್ಯಾನಿನಲ್ಲಿ ಬೀಜ ಹಾಕಿ ಸ್ನೋನಲ್ಲೇ ಇಡ್ತಾರಂತೆ, ನಿಜನಾ?

ನಿಜ. ಗ್ಯಾಲನ್ ಕ್ಯಾನನ್ನು ನಡುವಿನಲ್ಲಿ ಕತ್ತರಿಸಿ, ಒಂದು ಕಡೆ ಕೀಲಿನಂತೆ ಬಿಡಿ. ತಳಕ್ಕೆ ತೂತು, ಒಳಗೆ ಮೂರು-ನಾಲ್ಕು ಇಂಚು ಒದ್ದೆ ಮಣ್ಣು, ಬೀಜ. ಮುಚ್ಚಿ ಟೇಪ್ ಸುತ್ತಿ, ಬಿರಡೆ ತೆಗೆದು ಹೊರಗಿಡಿ. ಸ್ನೋ ಬೀಳಲಿ, ಕರಗಲಿ. ಕಾಲ ಬಂದಾಗ ಬೀಜ ತಾನಾಗಿ ಏಳುತ್ತದೆ, ಆ ಸಸಿ ಗಟ್ಟಿಯಾಗಿರುತ್ತದೆ. ಪಾಲಕ್, ಎಲೆಕೋಸು, ಸಬ್ಬಸಿಗೆಗೆ ಇದು ಸರಿ. ಬದನೆ, ಮೆಣಸಿಗೆ ಬೇಡ. ಅವು ಬಿಸಿಯನ್ನೇ ನಂಬಿದ ಗಿಡಗಳು.

ಮೆಣಸಿನ ಗಿಡ ಪ್ರತಿ ವರ್ಷ ಹೊಸದು ಮಾಡಬೇಕಾ? ಊರಲ್ಲಿ ಎರಡು-ಮೂರು ವರ್ಷ ಇರುತ್ತಲ್ಲ?

ಇಲ್ಲೂ ಉಳಿಸಬಹುದು. ಫ್ರಾಸ್ಟಿಗೆ ಮೊದಲು ಕಿತ್ತು, ಆರೇಳು ಇಂಚಿನ ಕವೆ ಬಿಟ್ಟು ಉಳಿದದ್ದೆಲ್ಲ ಕತ್ತರಿಸಿ. ಬೇರಿನ ಮಣ್ಣು ತೊಳೆದು ಹೊಸ ಮಣ್ಣಿನ ಸಣ್ಣ ಕುಂಡಕ್ಕೆ ಹಾಕಿ. ಬೇಸ್‌ಮೆಂಟ್‌ನಲ್ಲಿ 10ರಿಂದ 13 ಡಿಗ್ರಿ ಇರುವ ಮೂಲೆಯಲ್ಲಿಟ್ಟು, ಎರಡು-ಮೂರು ವಾರಕ್ಕೊಮ್ಮೆ ಒಂದು ಲೋಟ ನೀರು. ಮಾರ್ಚ್‌ನಲ್ಲಿ ದೀಪದ ಕೆಳಗೆ ತನ್ನಿ. ಎಲ್ಲವೂ ಉಳಿಯುವುದಿಲ್ಲ. ಉಳಿದದ್ದು ಮಾತ್ರ ಹೊಸ ಸಸಿಗಿಂತ ಎಷ್ಟೋ ಮೊದಲು ಕಾಯಿ ಕೊಡುತ್ತದೆ.

ಚಳಿಗಾಲದಲ್ಲಿ ಕಾಂಪೋಸ್ಟ್ ಗುಂಡಿ ಕಲ್ಲಾಗಿಬಿಡುತ್ತೆ. ಹಾಕ್ತಾ ಇರ್ಬೇಕಾ?

ಹಾಕ್ತಾ ಇರಿ. ಕೊಳೆಯುವುದು ನಿಂತಿರುತ್ತದೆ ಅಷ್ಟೇ. ಹೆಪ್ಪುಗಟ್ಟಿ ಕರಗಿದ ಸಿಪ್ಪೆ ಮೆತ್ತಗಾಗಿ ವಸಂತದಲ್ಲಿ ಬೇಗ ಕೊಳೆಯುತ್ತದೆ. ಅಕ್ಟೋಬರ್‌ನಲ್ಲಿ ಒಂದೆರಡು ಚೀಲ ಒಣ ಎಲೆ ಎತ್ತಿಟ್ಟುಕೊಂಡು, ಪ್ರತಿ ಸಲವೂ ಮೇಲೆ ಒಂದು ಹಿಡಿ ಹಾಕಿ.

ಏಪ್ರಿಲ್‌ನಲ್ಲಿ 20 ಡಿಗ್ರಿ ಬಿಸಿಲು ಬಂತು. ಸಸಿ ನೆಟ್ಟುಬಿಡಲಾ?

ಬೇಡ. ಗಾಳಿ ಬೆಚ್ಚಗಾದರೂ ಮಣ್ಣು ತಣ್ಣಗೇ ಇರುತ್ತದೆ. ಹತ್ತು ಡಿಗ್ರಿಗಿಂತ ಕೆಳಗೆ ಬದನೆ ಬೇರು ಕೆಲಸವನ್ನೇ ಮಾಡುವುದಿಲ್ಲ, ಗಿಡ ತಿಂಗಳುಗಟ್ಟಲೆ ಮುದುಡಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ಕೈ ತುರಿಸಿದರೆ ಮೂಲಂಗಿ, ಬಟಾಣಿ, ಪಾಲಕ್ ಬಿತ್ತಿ. ಮಣ್ಣಿನ ಥರ್ಮಾಮೀಟರ್ ಬೆಳಗ್ಗೆ 16 ತೋರಿಸಿದ ಮೇಲೆ ಬದನೆ, ಮೆಣಸು. ಅದಕ್ಕೂ ಮೊದಲು ಹತ್ತು ದಿನ ಸಸಿಗಳನ್ನು ಹೊರಗಿನ ಗಾಳಿಗೆ ಒಗ್ಗಿಸಬೇಕು. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಜಾಸ್ತಿ.

ಅಮ್ಮ ಏಪ್ರಿಲ್‌ನಲ್ಲೇ ಊರಿಗೆ ಹೊರಡ್ತಾರೆ. ಅವರೇ ಬಿತ್ತಿದ್ದನ್ನ ಅವರು ನೋಡೋದೇ ಇಲ್ವಲ್ಲ?

ಸಾಧ್ಯವಾದರೆ ಟಿಕೆಟ್ಟನ್ನೇ ಬದಲಿಸಿ. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಮಾರ್ಚ್ ನಡುವಿನಲ್ಲಿ ಬಂದು ಸೆಪ್ಟೆಂಬರ್ ಮೊದಲಲ್ಲಿ ಹೊರಟರೆ ಬೀಜದಿಂದ ಕಾಯಿವರೆಗೂ ಅವರೇ ಇರುತ್ತಾರೆ. ಚಳಿಯ ಕೊನೆಯ ಒಂದು ತಿಂಗಳನ್ನು ಮಾತ್ರ ನೋಡಿದರೆ ಸಾಕು.

ಆಗದಿದ್ದರೆ ನಾವು ಮಾಡುವುದು ಇದು. ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಗಿಡದ ಹೆಸರನ್ನು ಅಮ್ಮನ ಕೈಯಲ್ಲೇ ಬರೆಸಿಟ್ಟುಕೊಳ್ಳುತ್ತೇವೆ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಬಿಸಿಲಿಗೆ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಪಾತಿಯಲ್ಲಿ ಅವನ್ನೇ ಚುಚ್ಚುತ್ತೇವೆ. ಭಾನುವಾರ ಬೆಳಗ್ಗೆ, ಅಲ್ಲಿ ಸಂಜೆ, ಫೋನ್ ಮಾಡುತ್ತೇನೆ. ಅಮ್ಮ "ಚೆನ್ನಾಗಿದೀಯಾ" ಅಂತ ಕೇಳುವ ಮೊದಲೇ "ಅವರೆ ಹೂ ಬಿಡ್ತೇನೇ?" ಅಂತಾರೆ. ನಾನು ಫೋನನ್ನು ಪಾತಿಯ ಕಡೆಗೆ ತಿರುಗಿಸಿ ಹಿಡಿಯುತ್ತೇನೆ.